ನಿನ್ನೆಯ ಅಲೆ

ಬಂದರು ಕಚೇರಿಯ ಕೋಣೆಯಲ್ಲಿ ಹದಿನೈದು ಕುರ್ಚಿ ಹಾಕಿಸಿ ಭರ್ತಿ ಸಾಹೇಬರು ಒಂದು ಗಂಟೆ ಕಾದರು. ಒಂದು ನರಪಿಳ್ಳೆಯೂ ಬರಲಿಲ್ಲ. ಕಡಲಿನ ಮಾಹಿತಿಯನ್ನು ಎಲ್ಲ ಇಲಾಖೆಗಳೂ ಒಂದೇ ಕಡೆ ಹಾಕುವ ಹೊಸ ವ್ಯವಸ್ಥೆ ಬರುವುದಿತ್ತು. ಅದನ್ನು ಬಳಸುವ ಮೀನುಗಾರರಿಗೆ ಏನೇನು ಬೇಕೆಂದು ಕೇಳಿ ಬರೆದುಕೊಂಡು ಬನ್ನಿ ಎಂದು ಮೇಲಿನವರು ನಲವತ್ತು ಖಾಲಿ ನಮೂನೆ ಕೊಟ್ಟು ಕಳಿಸಿದ್ದರು.

ಭರ್ತಿ ಸಾಹೇಬ ಎನ್ನುವುದು ಕಚೇರಿಯವರು ಇಟ್ಟ ಅಡ್ಡಹೆಸರು. ಅಲೆ ಅಳೆಯಲು ಕಡಲಲ್ಲಿ ತೇಲಿಬಿಟ್ಟ ಯಂತ್ರ ಆಗಾಗ ಕೆಡುತ್ತಿತ್ತು. ದಿನದಿನದ ಅಳತೆ ಬರೆಯುವ ಪಟ್ಟಿಯಲ್ಲಿ ಜಾಗ ಖಾಲಿ ಕಂಡರೆ ಮೇಲಧಿಕಾರಿ ಹಾರಾಡುತ್ತಿದ್ದರು. ಅದಕ್ಕೆ ಇವರು ನಿನ್ನೆಯ ಅಂಕಿಯನ್ನೇ ಇವತ್ತಿನ ಜಾಗದಲ್ಲಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅಂಕಿ ತಾನೇ, ಯಾರ ಗಂಟೇನು ಹೋಗುತ್ತದೆ!

ಈಗಲೂ ನಮೂನೆಗಳನ್ನು ಕೂತಲ್ಲೇ ತುಂಬಿಸೋಣವೆಂದು ಪೆನ್ನು ತೆಗೆದರು. ಆದರೆ ಹೆಂಡತಿ ತೀರಿಕೊಂಡ ಮೇಲೆ ಅವರೊಡನೆ ಕೂತು ಎರಡು ಮಾತಾಡುವವರೇ ಇರಲಿಲ್ಲ. ಪಾಪ, ಯಾರ ದನಿಯಾದರೂ ಕೇಳಲೆಂದು ನಮೂನೆಗಳನ್ನು ಹಿಡಿದು ಎದ್ದು ಬಲೆ ರಿಪೇರಿಯ ಶೆಡ್ಡಿನತ್ತ ನಡೆದರು. ಅಲ್ಲಿ ಹೆಂಗಸೊಬ್ಬಳು ಒಬ್ಬಳೇ ಕೂತು ಹರಿದ ಬಲೆ ಹೆಣೆಯುತ್ತಿದ್ದಳು.

"ಅಕ್ಕ, ಕಡಲಿನ ಬಗ್ಗೆ ನಿಮಗೇನೇನು ತಿಳೀಬೇಕು? ನೀರಿನ ಬಿಸಿ, ಉಪ್ಪು, ಗಾಳಿ..."

"ಕಡಲಲ್ಲಿ ಉಪ್ಪಿದೆ ಅಂತ ಹೇಳೋಕೂ ಒಂದು ಕಚೇರಿ ಬೇಕಾ?" ಎಂದು ಅವಳು ನಕ್ಕಳು. "ಕೂತ್ಕೊಳ್ಳಿ ಸಾಹೇಬ್ರೆ. ನಿಂತ್ಕೊಂಡು ಕೇಳಿದ್ರೆ ಯಾರು ಹೇಳ್ತಾರೆ?"

ಸಾಹೇಬರೂ ನಕ್ಕು ಕೂತರು. ಅವರನ್ನು ಯಾರಾದರೂ ಕೂತ್ಕೊಳ್ಳಿ ಎಂದು ಕರೆದು ಎಷ್ಟು ಕಾಲವಾಗಿತ್ತೋ. ಮನಸ್ಸಿಗೆ ಹಾಯೆನಿಸಿತು.

"ನಂಗೆ ಬೇಕಾದ್ದು ಒಂದೇ," ಅವಳು ಕೈಕೆಲಸ ಬಿಡದೆ ಹೇಳಿದಳು. "ಯಂತ್ರ ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳಿ. ಎರಡು ವರ್ಷದ ಹಿಂದೆ ಬಂದರಿನ ಹಲಗೆ ಮೇಲೆ ಅಲೆ ಅರ್ಧ ಮೀಟರ್ ಅಂತ ಬರೆದಿದ್ರು. ಬೇಡ ಕಣೋ, ಕಡಲಿನ ಸದ್ದು ಸರಿಯಿಲ್ಲ ಅಂತ ತಮ್ಮಂಗೆ ಹೇಳ್ದೆ. ನಿನ್ನ ಕಿವಿಗಿಂತ ಯಂತ್ರ ದೊಡ್ಡದು ಅಕ್ಕ ಅಂತ ಹೋದ. ಮೂರನೇ ದಿನ ದೋಣಿ ಸಿಕ್ತು. ಅವನು ಸಿಗ್ಲಿಲ್ಲ. ಯಂತ್ರ ಹಿಂದಿನ ರಾತ್ರಿಯೇ ನಿಂತುಹೋಗಿತ್ತಂತೆ."

ಆ ಹಲಗೆಗೆ ಅಂಕಿ ಹೋಗುತ್ತಿದ್ದದ್ದು ಸಾಹೇಬರ ಪಟ್ಟಿಯಿಂದಲೇ.

"ಖಾಲಿ ಬಿಟ್ರೆ ಮೇಲಿನವ್ರು ಬಯ್ತಾರೆ ಅಕ್ಕ," ಎಂದು ತೊದಲಿದರು. "ಜನಕ್ಕೂ ಗಾಬರಿ ಆಗುತ್ತೆ."

"ಆಗ್ಲಿ ಬಿಡಿ. ಗಾಬರಿ ಆದೋನು ದಡದಲ್ಲೇ ಉಳೀತಾನೆ."

ಸುಮ್ಮನೆ ಎದ್ದು ಹೋಗಬಹುದಿತ್ತು. ಅವಳಿಗೇನು ಗೊತ್ತು? ಹೇಳಿದರೆ ಇಡೀ ಊರಲ್ಲಿ ಕೂರಲು ಜಾಗ ಕೊಟ್ಟ ಈ ಒಬ್ಬಳೂ ದೂರವಾಗುತ್ತಾಳೆ. ಸಾಹೇಬರಿಗೆ ಅಳು ಬಂತು. ಆದರೂ ಹೇಳಿದರು.

"ಆ ಅಂಕಿ ಬರೆದೋನು ನಾನೇ ಅಕ್ಕ. ಅದು ಹಿಂದಿನ ದಿನದ್ದು."

ಬಲೆ ಹೆಣೆಯುತ್ತಿದ್ದ ಕೈ ನಿಂತಿತು. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಸಾಹೇಬರು ತಲೆ ತಗ್ಗಿಸಿದರು. ಅವಳು ಎರಡನ್ನೂ ಮಾಡಲಿಲ್ಲ.

"ಬರ್ಕೊಳ್ಳಿ," ಎಂದಳು. "ಈಗ ಹೇಳಿದ್ರಲ್ಲ, ಅದನ್ನೂ ಬರ್ಕೊಳ್ಳಿ."

ಸಾಹೇಬರು ಬರೆದರು. ಅಳತೆ ಸಿಗದ ದಿನ 'ಅಳತೆ ಇಲ್ಲ' ಎಂದೇ ಕಾಣಬೇಕು. ಅದರ ಕೆಳಗೆ, ತಾವು ಮಾಡಿದ್ದನ್ನು ಒಂದೂ ಬಿಡದೆ ಬರೆದು ಸಹಿ ಹಾಕಿದರು. ಕೆಲಸಕ್ಕೆ ಸಂಚಕಾರ ಬರುವುದು ಖಂಡಿತ ಎಂದು ಅವರಿಗೆ ಗೊತ್ತಿತ್ತು. ಬರೆದದ್ದನ್ನು ಓದಿ ಹೇಳಿದರು.

"ನನ್ನ ತಮ್ಮನ ಹೆಸರು ಇಲ್ವಲ್ಲ," ಎಂದಳು.

"ಹೇಳಿ ಅಕ್ಕ."

ಅವಳು ಹೇಳಿದಳು. ಒಂದು ಅಕ್ಷರವೂ ತಪ್ಪಬಾರದೆಂದು ಸಾಹೇಬರು ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಹೇಳಿದಳು, ಸ್ವಲ್ಪ ಜೋರಾಗಿ, ನೀರಿನ ಕಡೆ ಮುಖ ಮಾಡಿ.