ಇನ್ನೊಂದು ಟೇಕ್

ಮೂವತ್ತು ವರ್ಷ ಸಿನಿಮಾದಲ್ಲೇ ಇದ್ದ ಅಮ್ಮಾವ್ರು ಮತ್ತೆ ನಾಟಕಕ್ಕೆ ಬಂದ ಮೊದಲ ದಿನ ಅದು. ಅವರ ಉಡುಪು ನೋಡಿಕೊಳ್ಳುವ ಕೆಲಸ ನನ್ನದು. ಮಧ್ಯಾಹ್ನದಿಂದ ಅವರು ಕೂತಲ್ಲಿ ಕೂರಲಿಲ್ಲ. ಮೇಕಪ್ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, "ಬಾಗಿಲು ಹಾಕಬೇಡ, ನನ್ನ ಮಗ ಬಂದೇ ಬರ್ತಾನೆ" ಎಂಬ ತಮ್ಮ ಪಾತ್ರದ ಮಾತನ್ನೇ ನೂರು ಸಲ ಒಪ್ಪಿಸಿದರು.

"ಮರೆತುಹೋದ್ರೆ ಏನೇ ಗತಿ?"

"ಮರೆಯಲ್ಲ ಬಿಡಿ ಅಮ್ಮಾ."

"ನಿನಗೇನಮ್ಮ, ಬಾಯಿ ಬಿಟ್ರೆ ತಾನೆ ತಪ್ಪೋದು!"

ಕೊನೆಯ ದೃಶ್ಯದಲ್ಲಿ ಆ ಮಾತೇ ಕೈಕೊಟ್ಟಿತು. ಅವರು ಅಭ್ಯಾಸಬಲದಿಂದ ಕೈಯೆತ್ತಿ, "ಸಾರಿ, ಇನ್ನೊಂದು ಟೇಕ್ ತಗೊಳ್ಳೋಣ" ಎಂದುಬಿಟ್ಟರು. ಪ್ರೇಕ್ಷಕರು ಗೊಳ್ಳೆಂದು ನಕ್ಕರು. ಅಮ್ಮಾವ್ರ ಕಣ್ಣು ಕ್ಯಾಮೆರಾ ಹುಡುಕುತ್ತಿತ್ತು. ಅಲ್ಲಿ ಬರೀ ಜನ.

ಪರದೆಯ ಮರೆಯಲ್ಲಿ ಅವರ ಶಾಲು ಹಿಡಿದು ನಿಂತಿದ್ದ ನಾನು ವೇದಿಕೆಗೆ ನಡೆದೆ. ಶಾಲು ಹೊದಿಸಿ, "ಅಮ್ಮಾ, ಬಾಗಿಲು ಹಾಕಿಬಿಡ್ಲಾ?" ಎಂದೆ.

ಅವರು ಸರ್ರನೆ ತಿರುಗಿದರು. "ಹಾಕಬೇಡ! ನನ್ನ ಮಗ ಬಂದೇ ಬರ್ತಾನೆ!"

ನಗು ನಿಂತುಹೋಯಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಪರದೆ ಬಿದ್ದ ಮೇಲೂ ಅಮ್ಮಾವ್ರು ಕೂರಲಿಲ್ಲ. ಓಡಾಡುತ್ತಲೇ ಅಂದರು: "ನಾಳೆನೂ ಬಂದು ಕೇಳೇ, ಬಾಗಿಲು ಹಾಕ್ಲಾ ಅಂತ."