ಮೂರನೇ ಗಡಿಯಾರ

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೆಂಗಸನ್ನು ಕಂಡದ್ದೇ, ಒದ್ದೆ ಬಟ್ಟೆಯಿಂದ ತೀರಿಹೋದ ಗಂಡನ ಹಣೆ ಒರೆಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಹಿಂದೆ ನೋಡಿದ್ದು ಒಂದೇ ಸಲ, ಅದೂ ಆಸ್ಪತ್ರೆಯ ಮೆಟ್ಟಿಲ ಮೇಲೆ, ದೂರದಿಂದ. ಆದರೂ ಆ ಮುಖ ಮರೆಯುವುದುಂಟೇ? ನರ್ಸು. ಈ ಮನೆಗೆ ಕಾಲಿಡಲು ಆರಿಸಿಕೊಂಡದ್ದಾದರೂ ಎಂಥ ದಿನ!

"ಯಾರಕ್ಕ ಅದು?" ಪಕ್ಕದಲ್ಲಿದ್ದ ತಮ್ಮ ಪಿಸುಗುಟ್ಟಿದ.

"ಆಸ್ಪತ್ರೆಯೋರು."

"ಆಸ್ಪತ್ರೆಯೋರೆಲ್ಲ ಬೆಳಿಗ್ಗೆನೇ ಬಂದು ಹೋದ್ರಲ್ಲ. ಇವರೊಬ್ರೇ ಯಾಕೆ ಈಗ?"

ಬಾಡಿಗೆ ಕುರ್ಚಿಗಳು ಖಾಲಿ ಇದ್ದರೂ ನರ್ಸು ಕೂರದೆ ಗೋಡೆಗೆ ಒರಗಿ ನಿಂತಳು. ಅಳುತ್ತಿರಲಿಲ್ಲ. ಹೆಣದ ಮುಖವನ್ನು, ಏನೋ ಕೇಳಿ ಉತ್ತರಕ್ಕೆ ಕಾಯುವವಳಂತೆ ನೋಡುತ್ತಿದ್ದಳು. ಅದನ್ನು ಕಂಡು ಹೆಂಡತಿಗೆ ಮೈಯೆಲ್ಲ ಉರಿಯಿತು.

"ಅಲ್ರೀ, ಟೈಮ್ ಸಾರ್ ಮನೇಲೇ ಗಡಿಯಾರ ನಿಂತಿದೆಯಲ್ಲ!" ಪಕ್ಕದ ಮನೆಯಾಕೆ ಗೋಡೆಯತ್ತ ಗಲ್ಲ ಎತ್ತಿ ತೋರಿಸಿದಳು.

"ಅದು ನಿಂತು ವರ್ಷಗಳಾಯ್ತು," ಎಂದಳು ಅವಳು, ನರ್ಸಿಗೂ ಕೇಳಿಸುವಷ್ಟು ಗಟ್ಟಿಯಾಗಿ.

*

ಟೈಮ್ ಸಾರ್ ಎಂಬುದು ಅವಳ ಗಂಡನಿಗೆ ಆಸ್ಪತ್ರೆಯವರು ಇಟ್ಟ ಹೆಸರು. ಅಲ್ಲಿನ ಅಷ್ಟೂ ಕಂಪ್ಯೂಟರುಗಳು ಒಂದೇ ಸಮಯ ತೋರಿಸುವಂತೆ ನೋಡಿಕೊಳ್ಳುವುದು ಅವನ ಕೆಲಸ. ಅವುಗಳ ಪಾಡಿಗೆ ಬಿಟ್ಟರೆ ಒಂದು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಅದಕ್ಕೇ ಪ್ರತಿಯೊಂದೂ ನೆಟ್‌ವರ್ಕಿನಲ್ಲಿರುವ ನಂಬಿಕಸ್ಥ ಗಡಿಯಾರಗಳನ್ನು ಆಗಾಗ ಕೇಳಿ ತನ್ನನ್ನು ತಿದ್ದಿಕೊಳ್ಳಬೇಕು. ಯಾವುದು ಯಾವುದನ್ನು ಕೇಳಬೇಕೆಂದು ಗೊತ್ತುಮಾಡುವವನು ಅವನು. ಇದರ ಒಳಹೊರಗು ತಿಳಿಯದಿದ್ದರೂ ಅವಳ ಹೆಮ್ಮೆಗೇನೂ ಕಮ್ಮಿ ಇರಲಿಲ್ಲ. "ನಮ್ಮ ಯಜಮಾನರ ಗಡಿಯಾರ ತಪ್ಪಿದ್ದೇ ಇಲ್ಲ" ಎಂದು ಬೀದಿಗೆಲ್ಲ ಡಂಗುರ ಸಾರಿದ್ದಳು.

ಆಮೇಲೆ ಆಯಿತು ನರ್ಸಿನ ರಾದ್ಧಾಂತ. ಒಬ್ಬ ರೋಗಿಗೆ ಮೊದಲ ಇಂಜೆಕ್ಷನ್ ತುರ್ತು ವಿಭಾಗದಲ್ಲಿ, ಎರಡನೆಯದು ವಾರ್ಡಿನಲ್ಲಿ. ಎರಡನೆಯದನ್ನು ಒಂದು ಗಂಟೆ ಮೊದಲೇ ಚುಚ್ಚಿದ್ದಾಳೆ ಎಂದಿತು ವಾರ್ಡಿನ ಕಂಪ್ಯೂಟರು. ಅಂದೇ ಕಾಯಿಲೆ ಉಲ್ಬಣಿಸಿ ರೋಗಿ ಸಾಯುವ ಹಾಗಾಗಿ ಹೇಗೋ ಉಳಿದುಕೊಂಡ; ದೂರು ಇಂಜೆಕ್ಷನ್ ಮೇಲೆ ಬಂತು. ವಾಚು ನೋಡಿಯೇ ಕೊಟ್ಟೆ ಎಂದು ನರ್ಸು ಗೋಗರೆದಳು. ಕಂಪ್ಯೂಟರಿನ ಎದುರು ಅಗ್ಗದ ವಾಚಿನ ಮಾತು ಯಾರು ಕೇಳುತ್ತಾರೆ? ಕೇಳಿದವನು ಇವನೊಬ್ಬ. ವಿಚಾರಣೆಯಲ್ಲಿ ಎದ್ದು ನಿಂತು, ತುರ್ತು ವಿಭಾಗದ ಗಡಿಯಾರ ಸರಿಯಿತ್ತು, ವಾರ್ಡಿನದೇ ಒಂದು ಗಂಟೆ ಹಿಂದಿತ್ತು ಎಂದುಬಿಟ್ಟ.

"ತಪ್ಪು ನಂದೇ ಕಣೇ," ಎಂದ, ಅಂದು ಊಟಕ್ಕೆ ಕೂತಾಗ. "ಆ ಕಂಪ್ಯೂಟರಿಗೆ ಎರಡೇ ಗಡಿಯಾರ ತೋರಿಸಿದ್ದೆ. ಅದರಲ್ಲೊಂದು ಕೆಟ್ಟು ಹಿಂದೆ ಬಿತ್ತು. ಎರಡೇ ಇದ್ರೆ ಯಾವುದು ಸುಳ್ಳು ಹೇಳ್ತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಸುಳ್ಳನ್ನೇ ನಂಬ್ತು. ಮೂರನೇದು ಹಾಕ್ತೀನಿ ಹಾಕ್ತೀನಿ ಅಂತ ಮುಂದೂಡ್ತಾ ಬಂದೆ."

"ನಿಮ್ಮ ಗಡಿಯಾರ ತಪ್ಪೋದಾ? ಯಾರ ಕಿವಿಗೆ ಹೂ ಇಡ್ತೀರಿ? ಆ ನರ್ಸು ನಿಮಗೆ ಏನಾಗ್ಬೇಕು ಹೇಳಿ ಮೊದ್ಲು."

ಅವನು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಅವಳಿಗೆ ಸಾಕ್ಷಿಯಾಯಿತು.

ಕೆಲವು ದಿನ ಬಿಟ್ಟು ಹೊಸ ಗೋಡೆ ಗಡಿಯಾರವೊಂದನ್ನು ತಂದು ನಡುಮನೆಯ ಎದುರು ಗೋಡೆಗೆ ಹಾಕಿದ. ನಡುಮನೆಯಲ್ಲೊಂದು, ಅಡುಗೆಮನೆಯಲ್ಲೊಂದು ಆಗಲೇ ಇದ್ದವು. ಇಬ್ಬರೇ ಇರುವ ಮನೆಗೆ ಮೂರನೆಯದೇಕೆ? ಆ ನರ್ಸೇ ಕೊಟ್ಟಿರಬೇಕು. ಅವನು ಕೆಲಸಕ್ಕೆ ಹೋದದ್ದೇ ತಡ, ಸೆಲ್ಲು ಕಿತ್ತಿಟ್ಟಳು. ಸಂಜೆ ಅವನು ಹೊಸತು ಹಾಕಿದ. ಮರುದಿನ ಅದನ್ನೂ ಕಿತ್ತಳು. ಸ್ವಲ್ಪ ದಿನ ಹೀಗೇ ಹಾಕುವುದು, ಕೀಳುವುದು ನಡೆದು, ಕಡೆಗೆ ಅವನೇ ಕೈಬಿಟ್ಟ. ಗೆದ್ದೆ ಎಂದುಕೊಂಡಳು, ಪುಣ್ಯಾತ್ಗಿತ್ತಿ.

*

"ಸ್ವಲ್ಪ ಒಳಗೆ ಬನ್ನಿ," ಎಂದು ನರ್ಸನ್ನು ಅಡುಗೆಮನೆಗೆ ಕರೆದಳು. ತಮ್ಮನ ಕಣ್ಣು ಇಬ್ಬರ ಬೆನ್ನಿಗೂ ಅಂಟಿಕೊಂಡೇ ಬಂತು.

"ಇಷ್ಟು ವರ್ಷ ಇಲ್ಲದ್ದು ಇವತ್ತು ಯಾಕೆ ಬಂದ್ರಿ?"

"ನಿಮ್ಮನ್ನ ಒಂದು ಮಾತು ಕೇಳೋಣ ಅಂತ. ಅವರಿದ್ದಾಗ ಧೈರ್ಯ ಬರ್ಲಿಲ್ಲ."

"ನೀವು, ನನ್ನ, ಕೇಳೋದಾ!"

"ಅವರು ಅವತ್ತು ಹೇಳಿದ್ದು ನಿಜಾನಾ ಅಮ್ಮ?" ನರ್ಸು ಕೈ ಹಿಸುಕಿಕೊಂಡಳು. "ನಂಗೆ ಅವರ ಪರಿಚಯಾನೇ ಇರ್ಲಿಲ್ಲ. ಸುಮ್‌ಸುಮ್ನೆ ಯಾರಾದ್ರೂ ನಮ್ಮ ಪರವಾಗಿ ಮಾತಾಡ್ತಾರಾ? ನಾಳೆ ಏನೋ ಕೇಳ್ಕೊಂಡು ಬರ್ತಾರೆ ಅಂತ ಹೆದರಿದ್ದೆ. ಎದುರಿಗೆ ಕಂಡ್ರೆ ಬೇರೆ ದಾರಿ ಹಿಡೀತಿದ್ದೆ. ಅವರು ಬರ್ಲೇ ಇಲ್ಲ. ಹಾಗಾದ್ರೆ ಪಾಪ ಅಂತ ಸುಳ್ಳು ಹೇಳಿ ಉಳಿಸಿದ್ರಾ? ಆ ರೋಗಿಗೆ ನಾನೇ ತಪ್ಪಿ ಮೊದ್ಲೇ ಕೊಟ್ಟಿದ್ನಾ? ಇವತ್ತಿಗೂ ಸೂಜಿ ಹಿಡಿಯೋ ಮೊದ್ಲು ಹತ್ತು ಸಲ ವಾಚು ನೋಡ್ತೀನಿ. ಮನೇಲಿ ನಿಮ್ಮ ಹತ್ರ ಏನಾದ್ರೂ ಹೇಳಿರ್ಬೇಕಲ್ಲ?"

ಚೆನ್ನಾಗಿ ಆಡ್ತಾಳೆ ನಾಟಕ, ಎಂದುಕೊಂಡಳು ಅವಳು. ಅಷ್ಟರಲ್ಲಿ ನೀರು ಕೇಳಿಕೊಂಡು ಒಳಬಂದವನು, ಎಲ್ಲರೂ ತಂತಿ ಎಂದೇ ಕರೆಯುವ ಹುಡುಗ. ಆಸ್ಪತ್ರೆಯಲ್ಲಿ ಗಂಡನ ಜೊತೆ ಕೇಬಲ್ ಎಳೆಯುತ್ತಿದ್ದವನು, ಬೆಳಿಗ್ಗೆಯಿಂದ ಇಲ್ಲೇ ಓಡಾಡಿಕೊಂಡಿದ್ದ. ಲೋಟ ಕೊಡುತ್ತ, ತಟಕ್ಕನೆ ಕೇಳಿದಳು, ಸುಳ್ಳು ಹೊಂದಿಸಿಕೊಳ್ಳಲು ಪುರುಸೊತ್ತು ಸಿಗಬಾರದು ನೋಡಿ:

"ಆ ವಾರ್ಡಿನ ಗಡಿಯಾರ ನಿಜವಾಗ್ಲೂ ಹಿಂದಿತ್ತೇನಪ್ಪ?"

"ಇತ್ತಲ್ಲ ಅತ್ತಿಗೆ! ಪೂರ್ತಿ ಒಂದು ಗಂಟೆ. ಅಣ್ಣ ಹುಡುಕಿದಾಗ ನಾನೇ ಪಕ್ಕದಲ್ಲಿದ್ದೆ. ಎರಡೇ ಕೊಟ್ಟಿದ್ರು, ಮೂರನೇದು ಕೊಟ್ಟಿರ್ಲಿಲ್ಲ. ತಲೆ ಮೇಲೆ ಕೈ ಹೊತ್ಕೊಂಡು ಕೂತುಬಿಟ್ರು. ದೊಡ್ಡ ಸಾಹೇಬ್ರು, ಸುಮ್ನಿರಯ್ಯ, ನರ್ಸ್ ತಲೆಗೆ ಕಟ್ಟಿದ್ರೆ ನಿನ್ನ ತಪ್ಪು ಯಾರಿಗೂ ಗೊತ್ತಾಗಲ್ಲ ಅಂದ್ರು. ಅಣ್ಣ ಕೇಳ್ಬೇಕಲ್ಲ! ಬಡ್ತಿ ಹೋಗಿದ್ದು ಅದಕ್ಕೇ." ಅವನು ನೀರು ಕುಡಿದು ಬಾಯಿ ಒರೆಸಿಕೊಂಡ. "ನಿಮಗೂ ಹೇಳಿದ್ರಂತೆ. ನಾನು ತಪ್ಪು ಮಾಡ್ತೀನಿ ಅಂದ್ರೆ ನಮ್ಮನೆಯವಳು ನಂಬೋದೇ ಇಲ್ಲ ಕಣೋ ಅಂತ ನಗ್ತಿದ್ರು."

ನರ್ಸು ಇದ್ದಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಹೆಂಡತಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು. ಗಂಡ ದಾರಿ ತಪ್ಪಿದ ಎಂದು ಎಷ್ಟು ಸಲೀಸಾಗಿ ನಂಬಿದ್ದಳು! ಗಂಡನ ಗಡಿಯಾರ ತಪ್ಪಿತು ಎಂದು ಮಾತ್ರ ನಂಬಲಾಗಿರಲಿಲ್ಲ. ಅವನಾಗಿಯೇ ಎದುರಿಗೆ ಕೂತು ಹೇಳಿದರೂ.

"ಅಕ್ಕ, ಗಾಡಿ ಬಂತು. ಎತ್ತೋಣ್ವಾ?" ತಮ್ಮ ಬಾಗಿಲಿಂದ ಕರೆದ.

"ಸ್ವಲ್ಪ ಇರಿ."

ನಡುಮನೆಗೆ ಬಂದು ಟೀವಿಯ ರಿಮೋಟು ಬಿಚ್ಚಿ ಒಂದು ಸೆಲ್ಲು ತೆಗೆದಳು. ಸ್ಟೂಲು ಎಳೆದು ಹತ್ತಿದಳು. ದುಃಖಕ್ಕೆ ತಲೆ ಕೆಟ್ಟಿತೇನೋ ಎಂದು ಬಂದವರು ಮುಖ ಮುಖ ನೋಡಿಕೊಂಡರು. ನಿಂತ ಗಡಿಯಾರವನ್ನು ಇಳಿಸಿ, ಅವನ ಹಣೆ ಒರೆಸಿದ್ದ ಬಟ್ಟೆಯಿಂದಲೇ ಅದರ ಧೂಳು ಒರೆಸಿ, ಸೆಲ್ಲು ಹಾಕಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನರ್ಸಿನ ಕಡೆ ತಿರುಗಿದಳು.

"ಅವತ್ತಿನ ಅದೇ ವಾಚಾ, ಕೈಯಲ್ಲಿರೋದು?"

"ಹೂಂ ಅಮ್ಮ. ಅದೇ."

"ಟೈಮೆಷ್ಟು ಹೇಳು."

ನರ್ಸು ಮಣಿಕಟ್ಟು ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೊಮ್ಮೆ ನೋಡಿ ಹೇಳಿದಳು.

ನಡುಮನೆಯ ಹಳೆಯ ಗಡಿಯಾರದ ಕಡೆಗಾಗಲಿ ಅಡುಗೆಮನೆಯದರ ಕಡೆಗಾಗಲಿ ನೋಡದೆ, ನರ್ಸು ಹೇಳಿದಲ್ಲಿಗೇ ಮುಳ್ಳು ತಿರುಗಿಸಿ, ಗಡಿಯಾರವನ್ನು ಮೊಳೆಗೆ ಹಾಕಿ, ಅವಳು ಸ್ಟೂಲಿನಿಂದ ಇಳಿದಳು.

"ಈಗ ಎತ್ತಿ," ಎಂದಳು.