ಹೊರಗಿನವಳ ಮಗು

ಬೇಕರಿಯ ಹಿಂದಿನ ಆ ಮನೆಯಲ್ಲಿ ಹಿರಿಸೊಸೆಯ ಕಣ್ಣು ಸದಾ ಓರಗಿತ್ತಿಯ ಮಗನ ಮೇಲೆ. ಅವನು ಬ್ರೆಡ್ಡಿನ ತಟ್ಟೆಗಳ ನಡುವೆ ದಡಬಡ ಓಡುತ್ತಿದ್ದ. ಅವನಿಗಿಂತ ಒಂದು ವರ್ಷ ದೊಡ್ಡವನಾದ ಅವಳ ಸ್ವಂತ ಮಗ ಹಿಟ್ಟಿನ ಮೂಟೆಗೆ ಒರಗಿ ಕೂತು, ಬಿಳಿಚಿದ ಮುಖದಲ್ಲಿ ಆ ಓಟ ನೋಡುತ್ತಿದ್ದ. ತಿಂಗಳು ತಿಂಗಳೂ ಆಸ್ಪತ್ರೆಯಲ್ಲಿ ರಕ್ತ ಹಾಕಿಸದಿದ್ದರೆ ಅವನಿಗೆ ಏಳಲೂ ಆಗುತ್ತಿರಲಿಲ್ಲ.

ಅವಳಿಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚುಮರೆ ಯಾಕೆ? ಆ ಹುಡುಗನಿಗೂ ಒಂದು ಸಲ ಜ್ವರ ಬರಲಿ ಎಂದು ಬಯಸಿದ್ದುಂಟು. ಬಂದಾಗ ಒಳಗೊಳಗೇ ಹಗುರಾದದ್ದೂ ಉಂಟು.

ಅತ್ತೆ ಆ ಉರಿಗೆ ಗಾಳಿ ಹಾಕುತ್ತಿದ್ದರು. "ನೀನು ನನ್ನ ಅಣ್ಣನ ಮಗಳು, ನಮ್ಮದೇ ರಕ್ತ. ಆ ಹೊರಗಿನವಳು ಕಾಲಿಟ್ಟ ಮೇಲೇ ಮಗು ಹೀಗಾಗಿದ್ದು."

ಅತ್ತೆಯನ್ನು ಕೆಟ್ಟವರೆನ್ನಬೇಡಿ. ಆ ಮಗುವಿನ ಕಾಲೊತ್ತುತ್ತ ಕೂರುತ್ತಿದ್ದವರೂ ಅವರೇ.

ಒಂದು ದಿನ ಹಿರಿಸೊಸೆ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟಳು. "ಒಂದೇ ಮನೆ, ಒಂದೇ ಊಟ. ಅವಳ ಮಗ ಗುಂಡುಕಲ್ಲಿನ ಹಾಗಿದ್ದಾನೆ, ನನ್ನ ಮಗ ಯಾಕೆ ಹೀಗೆ?"

ಡಾಕ್ಟರಮ್ಮ, ಮದುವೆ ವಯಸ್ಸಿಗೆ ಬಂದಿದ್ದ ಹಿರಿಸೊಸೆಯ ದೊಡ್ಡ ಮಗಳೂ ಸೇರಿ ಮನೆಯವರನ್ನೆಲ್ಲ ಕರೆಸಿ ರಕ್ತ ಪರೀಕ್ಷೆ ಮಾಡಿಸಿದರು. ಅತ್ತೆ ಮಾತ್ರ ಬರಲಿಲ್ಲ.

"ಈ ಕುಂದು ನಿಮ್ಮ ವಂಶದಲ್ಲೇ ಇದೆ," ಎಂದರು ಡಾಕ್ಟರಮ್ಮ. "ನಿಮ್ಮಲ್ಲೂ ಇದೆ, ನಿಮ್ಮ ಯಜಮಾನರಲ್ಲೂ ಇದೆ, ಮೈದುನನಲ್ಲೂ ಇದೆ. ಒಬ್ಬರಿಂದ ಮಾತ್ರ ಬಂದ್ರೆ ಮಗು ಚೆನ್ನಾಗಿರುತ್ತೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೆ ಈ ಕಾಯಿಲೆ. ನಿಮ್ಮ ಓರಗಿತ್ತಿ ಬೇರೆ ಮನೆತನದವರು, ಅವರಲ್ಲಿ ಇಲ್ಲ. ಅದಕ್ಕೇ ಅವರ ಮಗ ಉಳ್ಕೊಂಡ."

"ನನ್ನ ದೊಡ್ಡ ಮಗಳು?"

"ನಿಮ್ಮ ಹಾಗೇ. ಅವಳಿಗೇನೂ ತೊಂದರೆಯಿಲ್ಲ. ಆದ್ರೆ ಮದುವೆಗೆ ಮೊದಲು ಹುಡುಗನ ರಕ್ತ ಪರೀಕ್ಷೆ ಆಗಲೇಬೇಕು."

ಮನೆಗೆ ಬಂದರೆ ನಾದಿನಿ ಬಂದು ಕೂತಿದ್ದಳು. ಅತ್ತೆ ಅವಳ ಜೊತೆ ಆಗಲೇ ಮಾತು ಮುಗಿಸಿದ್ದರು. ಹಿರಿಸೊಸೆಯನ್ನು ಕಂಡವರೇ ಹೇಳಿದರು: "ನಿನ್ನ ದೊಡ್ಡ ಮಗಳನ್ನ ಇವಳ ಮಗನಿಗೇ ಕೊಡೋಣ. ಬೇಕರಿ ನಮ್ಮಲ್ಲೇ ಉಳಿಯುತ್ತೆ."

"ಅವನ ರಕ್ತ ಪರೀಕ್ಷೆ ಮಾಡಿಸ್ತೀರಾ?" ಎಂದಳು ಹಿರಿಸೊಸೆ.

"ನನ್ನ ಮೊಮ್ಮಗನದಾ? ಅದು ನನ್ನದೇ ರಕ್ತ ಕಣೇ."

"ಅದಕ್ಕೇ ಬೇಡ ಅನ್ನೋದು, ಅತ್ತೆ."

ಅತ್ತೆಯ ಮುಖ ಕೆಂಪಾಯಿತು. "ಇದೆಲ್ಲ ಆ ಹೊರಗಿನವಳು ಹೇಳಿಕೊಟ್ಟಿದ್ದು."

ಓರಗಿತ್ತಿ ಬಾಗಿಲಲ್ಲೇ ನಿಂತಿದ್ದಳು. ಹಿರಿಸೊಸೆ ಅವಳ ಮುಖ ನೋಡಿಕೊಂಡೇ ಹೇಳಿದಳು:

"ಇವಳನ್ನ ಕಂಡ್ರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ನನ್ನ ಮಗಳೂ ಇವಳ ಹಾಗೆ ಹೊರಗಿನವಳಾಗಿ ಇನ್ನೊಂದು ಮನೆ ಸೇರ್ಲಿ. ಅವಳ ಮಗು ಓಡೋದು ನೋಡಿ ಯಾರು ಬೇಕಾದ್ರೂ ಉರ್ಕೊಳ್ಳಲಿ."